56ಕ್ಕೆ ನಿವೃತ್ತಿ: ವಯಸ್ಸು ಏರಲಿ, ಆದರೆ ಯುವಕರ ಬಾಗಿಲು ಮುಚ್ಚದಿರಲಿ

ತಲಪಾಡಿ ಗಡಿಯ ಆಚೆ ಕರ್ನಾಟಕ ಸರಕಾರದ ಶಿಕ್ಷಕರು ನಿವೃತ್ತರಾಗುವುದು 60ಕ್ಕೆ. ಈಚೆ ಮಂಜೇಶ್ವರದಲ್ಲಿ ಕೇರಳ ಸರಕಾರದ ಹಳೆ ಪಿಂಚಣಿಯ ಶಿಕ್ಷಕರು 56ಕ್ಕೇ ಮನೆಗೆ. 2013ರ ಎಪ್ರಿಲ್ 1ರ ನಂತರ ಸೇರಿದವರಿಗೆ ಮಾತ್ರ ಇಲ್ಲಿಯೂ 60. ಅಂದರೆ ಒಂದೇ ಕಚೇರಿ, ಒಂದೇ ಕೆಲಸ, ಅಕ್ಕಪಕ್ಕದ ಕುರ್ಚಿ. ಆದರೆ ಇಬ್ಬರಿಗೆ ಎರಡು ನಿವೃತ್ತಿ ವಯಸ್ಸು.

ಕೇರಳದಲ್ಲಿ ಸರಾಸರಿ ಆಯುಷ್ಯ ಸುಮಾರು 75 ವರ್ಷ. ಇದು ಹುಟ್ಟಿದ ಮಗುವಿನ ಲೆಕ್ಕ. 56ನ್ನು ದಾಟಿದ ವ್ಯಕ್ತಿ ಸರಾಸರಿಯಾಗಿ ಅದಕ್ಕಿಂತಲೂ ಹೆಚ್ಚು ಬದುಕುತ್ತಾನೆ. 30 ವರ್ಷ ದುಡಿದವರಿಗೆ 20 ವರ್ಷ ಪಿಂಚಣಿ ಕೊಡಬೇಕಾದರೆ ಖಜಾನೆಗೆ ಭಾರವೇ. ಅನುಭವವಿರುವ, ಆರೋಗ್ಯವಾಗಿರುವ ಶಿಕ್ಷಕರನ್ನು 56ಕ್ಕೇ ಕಳಿಸುವುದು ನಷ್ಟವೂ ಹೌದು. ಹಾಗಾಗಿ ವಯಸ್ಸು ಏರಿಸಿ ಎನ್ನುವವರ ಮಾತನ್ನು ತಳ್ಳಿಹಾಕಲಾಗದು.

ಆದರೂ ಸರಕಾರಗಳು ಯಾಕೆ ಹಿಂಜರಿಯುತ್ತವೆ? 2022ರ ಅಕ್ಟೋಬರ್ ಕೊನೆಗೆ ಸರಕಾರಿ ಸ್ವಾಮ್ಯದ ಸಂಸ್ಥೆಗಳಲ್ಲಿ ಪಿಂಚಣಿ ವಯಸ್ಸನ್ನು 60 ಮಾಡುವ ಆದೇಶ ಬಂತು. ಪ್ರತಿಪಕ್ಷದವರು ಮಾತ್ರವಲ್ಲ, ಆಡಳಿತ ಪಕ್ಷಗಳ ಯುವ ಸಂಘಟನೆಗಳೂ ವಿರೋಧಿಸಿದವು. ಕೆಲವೇ ದಿನಗಳಲ್ಲಿ ಆದೇಶವನ್ನು ತಡೆಹಿಡಿಯಲಾಯಿತು.

ಆ ಸಿಟ್ಟಿನ ಹಿಂದೆ ಸರಳ ಲೆಕ್ಕವಿದೆ. 56ನ್ನು ಒಂದೇ ಏಟಿಗೆ 60 ಮಾಡಿದರೆ ನಾಲ್ಕು ವರ್ಷ ನಿವೃತ್ತಿಯಿಂದ ಖಾಲಿಯಾಗುವ ಹುದ್ದೆ ಇಲ್ಲದಂತೆಯೇ. ಪಿಎಸ್‌ಸಿ ರ‍್ಯಾಂಕ್ ಪಟ್ಟಿಯ ಆಯುಸ್ಸು ಸಾಮಾನ್ಯವಾಗಿ ಹೆಚ್ಚೆಂದರೆ 3 ವರ್ಷ. ಕಷ್ಟಪಟ್ಟು ಓದಿ ಪಟ್ಟಿಗೆ ಬಂದವರ ಹೆಸರು ಕೆಲಸ ಸಿಗದೆಯೇ ಅಳಿದು ಹೋಗುತ್ತದೆ. ಹಿಂದುಳಿದ ವರ್ಗದವರಿಗೆ ಅರ್ಜಿ ಹಾಕಲು ಸಾಮಾನ್ಯ ವಯೋಮಿತಿ 39. ಇವತ್ತು 36 ಆದ ನಮ್ಮ ಹುಡುಗಿ ನಾಲ್ಕು ವರ್ಷ ಕಾದರೆ ಅರ್ಜಿ ಹಾಕುವ ಹಕ್ಕೇ ಇರುವುದಿಲ್ಲ. ಕಾಸರಗೋಡಿನಲ್ಲಿ ಕನ್ನಡ ಬಲ್ಲವರಿಗೆಂದು ಇರುವ ಹುದ್ದೆಗಳೇ ಕಡಿಮೆ. ಅಲ್ಲಿ ನಾಲ್ಕು ವರ್ಷ ಅಂದರೆ ಸಣ್ಣ ಮಾತಲ್ಲ.

ಹಾಗಾದರೆ ಏನು ಮಾಡೋದು? ಎರಡು ವರ್ಷಕ್ಕೊಮ್ಮೆ ಒಂದು ವರ್ಷದಂತೆ ಏರಿಸಲಿ. ಆಗ ಹೊಡೆತ ಎಂಟು ವರ್ಷಕ್ಕೆ ಹಂಚಿ ಹೋಗುತ್ತದೆ. ಅದರ ಜೊತೆಗೇ, ಅದೇ ಆದೇಶದಲ್ಲಿ, ಅರ್ಜಿದಾರರ ವಯೋಮಿತಿಯೂ ರ‍್ಯಾಂಕ್ ಪಟ್ಟಿಯ ಅವಧಿಯೂ ಏರಲಿ. ಹಿರಿಯರಿಗೆ ನಾಲ್ಕು ವರ್ಷ ಕೊಟ್ಟು ಕಿರಿಯರಿಗೆ ಏನೂ ಇಲ್ಲ ಅಂದರೆ ಅದು ನ್ಯಾಯವಲ್ಲ.

ಇನ್ನೊಂದು ಮಾತು. ನಮ್ಮಲ್ಲಿ ಹೆಚ್ಚಿನವರು ಈ ಚರ್ಚೆಯ ಹೊರಗಿದ್ದಾರೆ. ಅಂಗಡಿ ಇಟ್ಟವನಿಗೆ, ಮೀನು ಮಾರುವವನಿಗೆ, ಬೀಡಿ ಕಟ್ಟುವ ತಾಯಂದಿರಿಗೆ ನಿವೃತ್ತಿ ಎಲ್ಲಿದೆ? ಕೈ ನಡೆಯುವವರೆಗೆ ದುಡಿಮೆ, ಆಮೇಲೆ ಮಕ್ಕಳ ಆಸರೆ. ಆಯುಷ್ಯ ಹೆಚ್ಚಾದಷ್ಟೂ ಆದಾಯವಿಲ್ಲದ ವರ್ಷಗಳೂ ಹೆಚ್ಚು. ಗಲ್ಫ್‌ನಲ್ಲಿರುವವರು ಪ್ರವಾಸಿ ಕಲ್ಯಾಣ ಮಂಡಳಿಗೆ 60 ತುಂಬುವ ಮೊದಲೇ ಸೇರಬೇಕು, ಕನಿಷ್ಠ 5 ವರ್ಷ ವಂತಿಗೆ ಕಟ್ಟಬೇಕು. ಕೇಂದ್ರದ ಅಟಲ್ ಪಿಂಚಣಿ ಯೋಜನೆಗೆ ಸೇರಲು 40ರ ಗಡಿ ಇದೆ. ಗೊತ್ತಾಗುವಾಗ ವಯಸ್ಸು ದಾಟಿರುತ್ತದೆ.

ನಮ್ಮ ಜಮಾಅತ್‌ಗಳು, ಯುವ ಸಂಘಟನೆಗಳು ವರ್ಷಕ್ಕೊಂದು ದಿನ ಕುಳಿತು ಈ ಅರ್ಜಿಗಳನ್ನು ತುಂಬಿಸಿಕೊಟ್ಟರೆ ಸಾಕು. ಸರಕಾರಿ ನೌಕರರ ನಿವೃತ್ತಿ ವಯಸ್ಸನ್ನು ತಿರುವನಂತಪುರ ತೀರ್ಮಾನಿಸುತ್ತದೆ. ನಮ್ಮ ಅಂಗಡಿಯವರ, ಬೀಡಿ ಕಾರ್ಮಿಕರ ಮುಪ್ಪಿನ ಬಗ್ಗೆ ನಾವೇ ಯೋಚಿಸಬೇಕು, ಅದೂ 40ಕ್ಕಿಂತ ಮೊದಲು.