ಅತಿವಾಹನ: ನಸುಕಿನ ದಾರಿಯ ಅತಿಚಾರ

ಬೆಂಗಳೂರಿನಿಂದ ಸಮ್ಮೇದ ಶಿಖರ್ಜಿಗೆ ಹೊರಡುವ ಯಾತ್ರಿಕರಲ್ಲಿ ಹಲವರು ನಸುಕಿನ ವಿಮಾನವನ್ನೇ ಹುಡುಕುತ್ತಾರೆ. ಟಿಕೆಟ್ಟಿನ ಬೆಲೆಯೊಂದೇ ಇದಕ್ಕೆ ಕಾರಣವಲ್ಲ. ರಾಂಚಿಯಲ್ಲಿ ಇಳಿದ ಮೇಲೆ ರಸ್ತೆಯಲ್ಲಿ ಮತ್ತೆ ಹಲವು ಗಂಟೆ ಪಯಣಿಸಿ ಮಧುವನವನ್ನು ಸೇರಬೇಕು. ಚಳಿಗಾಲದಲ್ಲಿ ಜಾರ್ಖಂಡದ ಸೂರ್ಯ ಸಂಜೆ ಐದರ ಆಸುಪಾಸಿಗೇ ಮುಳುಗುತ್ತಾನೆ. ಅಷ್ಟರೊಳಗೆ ಆಹಾರ ಮುಗಿಯದಿದ್ದರೆ ರಾತ್ರಿಭೋಜನತ್ಯಾಗದ ವ್ರತ ಹಿಡಿದವರಿಗೆ ಅಂದು ಉಪವಾಸವೇ ಗತಿ. ಆದ್ದರಿಂದ ಬೆಳಗಿನ ವಿಮಾನವನ್ನು ಆರಿಸಿಕೊಳ್ಳುವುದರ ಹಿಂದೆ ಒಂದು ಧಾರ್ಮಿಕ ಎಚ್ಚರವೂ ಇದೆ. ಇಪ್ಪತ್ತು ತೀರ್ಥಂಕರರು ಮೋಕ್ಷಕ್ಕೆ ಸಂದ ಕ್ಷೇತ್ರಕ್ಕೆ ವ್ರತಭಂಗವಿಲ್ಲದೆ ತಲುಪಬೇಕೆಂಬ ಆಸೆಯನ್ನು ಯಾರೂ ತಪ್ಪೆನ್ನಲಾರರು.

ಆದರೆ ಆರು ಗಂಟೆಯ ವಿಮಾನದ ಲೆಕ್ಕವನ್ನು ಹಿಂದಕ್ಕೆ ಎಣಿಸುತ್ತ ಬಂದರೆ ಬೇರೊಂದು ಚಿತ್ರ ತೆರೆದುಕೊಳ್ಳುತ್ತದೆ. ಸಾಮಾನುಗಳನ್ನು ಒಪ್ಪಿಸುವ ಕೌಂಟರು ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಸಾಲುಗಳನ್ನು ನೆನೆದು ನಾಲ್ಕು ಗಂಟೆಗೇ ಅಲ್ಲಿರಬೇಕೆಂದು ಮನೆಯ ಹಿರಿಯರು ಪಟ್ಟು ಹಿಡಿಯುತ್ತಾರೆ. 2008ರಲ್ಲಿ ದೇವನಹಳ್ಳಿಯ ಬಳಿ ಆರಂಭವಾದ ವಿಮಾನ ನಿಲ್ದಾಣವು ನಗರದ ನಡುಭಾಗದಿಂದಲೇ ಮೂವತ್ತೈದು ಕಿಲೋಮೀಟರಿನಷ್ಟು ದೂರ. ಜಯನಗರ, ಬನಶಂಕರಿಗಳಿಂದ ಇನ್ನೂ ದೂರ. ಹಾಗಾಗಿ ಟ್ಯಾಕ್ಸಿಯು ರಾತ್ರಿ ಎರಡೂವರೆಗೆ ಬಾಗಿಲಿಗೆ ಬಂದಿರಬೇಕು. ಮನೆಯವರು ಒಂಬತ್ತಕ್ಕೇ ದೀಪವಾರಿಸಿ ಮಲಗಿ, ಎರಡಕ್ಕೆ ಎದ್ದು, ಸ್ನಾನ ಮುಗಿಸಿ, ಣಮೋಕಾರ ಮಂತ್ರವನ್ನು ಹೇಳಿ ಹೊರಬರುತ್ತಾರೆ. ಹೊರಗೆ ಸ್ಟೇರಿಂಗಿನ ಮುಂದೆ ಕುಳಿತವನು ಎಷ್ಟು ಹೊತ್ತಿಗೆ ಮಲಗಿದ್ದ? ಮಲಗಿದ್ದನೆ? ಈ ಪ್ರಶ್ನೆಯನ್ನು ಕೇಳುವ ರೂಢಿಯೇ ಇಲ್ಲ.

ಜೈನ ಆಚಾರಶಾಸ್ತ್ರ ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಕೇಳಿದೆ. ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ಒಂದೊಂದು ಅಣುವ್ರತಕ್ಕೂ ಐದೈದು ಅತಿಚಾರಗಳನ್ನು, ಅಂದರೆ ವ್ರತವನ್ನು ಮುರಿಯದೆಯೂ ಅದಕ್ಕೆ ಕಲೆ ತರುವ ದೋಷಗಳನ್ನು ಹೇಳಲಾಗಿದೆ. ಅವುಗಳಲ್ಲಿ ಒಂದರ ಹೆಸರು ಅತಿವಾಹನ. ಎತ್ತು ಮೊದಲಾದ ಪ್ರಾಣಿಗಳು ಎಷ್ಟು ದಾರಿಯನ್ನು ಸುಖವಾಗಿ ನಡೆಯಬಲ್ಲವೋ ಅದಕ್ಕಿಂತ ಹೆಚ್ಚು ನಡೆಸುವುದು ಅತಿವಾಹನ ಎಂದು ಆ ಗ್ರಂಥಕ್ಕೆ ಟೀಕೆ ಬರೆದ ಪ್ರಭಾಚಂದ್ರರು ವಿವರಿಸುತ್ತಾರೆ. ಗಮನಿಸಬೇಕಾದ ಮಾತು 'ಸುಖವಾಗಿ' ಎಂಬುದು. ಎತ್ತು ಕುಸಿದು ಬೀಳುವವರೆಗೆ ಎಂದು ಅವರು ಹೇಳಲಿಲ್ಲ. ಅದು ನಡೆಯಬಲ್ಲಷ್ಟು ಎಂದೂ ಹೇಳಲಿಲ್ಲ. ಸುಖದ ಗಡಿ ದಾಟಿದೊಡನೆ ದೋಷದ ಗಡಿ ಆರಂಭವಾಗುತ್ತದೆ.

ಇದಕ್ಕಿಂತಲೂ ಸೂಕ್ಷ್ಮವಾದ ಸಂಗತಿಯೆಂದರೆ ಆಚಾರ್ಯರು ಈ ದೋಷವನ್ನು ಇರಿಸಿದ ಸ್ಥಳ. ಸಹಜವಾಗಿ ಇದು ಅಹಿಂಸಾಣುವ್ರತದ ಪಟ್ಟಿಯಲ್ಲಿ ಇರಬೇಕಿತ್ತು. ಅತಿಯಾದ ಭಾರ ಹೇರುವುದು, ಆಹಾರವನ್ನು ತಡೆಯುವುದು ಇವೆಲ್ಲ ಅಲ್ಲಿಯೇ ಇವೆ. ಆದರೆ ಅತಿವಾಹನ ಇರುವುದು ಪರಿಗ್ರಹಪರಿಮಾಣ ವ್ರತದಲ್ಲಿ, ಅತಿಸಂಗ್ರಹ, ಅತಿಲೋಭಗಳ ಪಕ್ಕದಲ್ಲಿ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾತಿಗಳು ಇದೇ ವ್ರತಕ್ಕೆ ಹೇಳುವ ಅತಿಚಾರಗಳು ಹೊಲ-ಮನೆ, ಚಿನ್ನ-ಬೆಳ್ಳಿ, ದನ-ಧಾನ್ಯಗಳ ಮಿತಿ ಮೀರುವುದನ್ನು ಕುರಿತವು. ಸಮಂತಭದ್ರರು ವಸ್ತುಗಳನ್ನು ಎಣಿಸಲು ಹೋಗದೆ ಮನಸ್ಸಿನ ಕಡೆಗೆ ತಿರುಗಿದರು. ಎತ್ತನ್ನು ಮಿತಿಮೀರಿ ನಡೆಸುವವನು ಕ್ರೂರಿಯಾಗಿರಬೇಕಿಲ್ಲ. ಅವನಿಗೆ ಎತ್ತಿನ ಮೇಲೆ ಪ್ರೀತಿಯೂ ಇರಬಹುದು. ಅವನಿಗೆ ಬೇಕಾದುದು ಇನ್ನೊಂದು ಊರಿನ ಸಂತೆ, ಇನ್ನೊಂದು ದಿನದ ಲಾಭ. ಆ ಬಯಕೆಯ ಭಾರ ಎತ್ತಿನ ಕಾಲಿಗೆ ವರ್ಗವಾಗುತ್ತದೆ. ಹಿಂಸೆ ಕಾಣಿಸುವುದು ರಸ್ತೆಯ ಮೇಲೆ. ಅದರ ಬೇರು ಯಜಮಾನನ ಬಯಕೆಯಲ್ಲಿ.

ಪುಣ್ಯವನ್ನು ಕುರಿತ ಬಯಕೆಯೂ ಬಯಕೆಯೇ. ರಜೆ ಮೂರೇ ದಿನ. ಅಷ್ಟರಲ್ಲಿ ಶಿಖರ್ಜಿಯ ವಂದನೆ, ಸಾಧ್ಯವಾದರೆ ಪಾವಾಪುರಿ, ರಾಜಗೃಹಗಳೂ ಆಗಬೇಕು. ಒಂದು ಹಗಲನ್ನೂ ಕಳೆದುಕೊಳ್ಳಲಾಗದ ಈ ಆತುರವೇ ಬೇರೊಬ್ಬನ ರಾತ್ರಿಯನ್ನು ಕೇಳುತ್ತದೆ. ರಾತ್ರಿ ಉಣ್ಣಲಾರೆನೆಂಬ ನಿಯಮವನ್ನು ಒಬ್ಬರು ಕಾಪಾಡಿಕೊಳ್ಳಲು ಇನ್ನೊಬ್ಬರು ರಾತ್ರಿ ನಿದ್ರಿಸಲಾರದೆ ಹೋಗುವುದು ವ್ರತದ ಉದ್ದೇಶವಾಗಿರಲಾರದು.

ಎತ್ತಿಗೆ ಮಾತು ಬಾರದು. ಅದರ ಸುಖದ ಮಿತಿಯನ್ನು ಯಜಮಾನನೇ ನೋಡಿ ತಿಳಿಯಬೇಕು. ಚಾಲಕನಿಗೆ ಮಾತು ಬರುತ್ತದೆ, ಆದರೆ ಆಡುವಂತಿಲ್ಲ. ಕಾರಿನ ಕಂತು, ಬುಕಿಂಗ್ ನಿರಾಕರಿಸಿದರೆ ಬೀಳುವ ಹೊಡೆತ, ಪಯಣದ ಕೊನೆಯಲ್ಲಿ ಪ್ರಯಾಣಿಕ ಒತ್ತುವ ನಕ್ಷತ್ರಗಳು ಇವೆಲ್ಲ ಸೇರಿ ಅವನ ಬಾಯಿಯನ್ನು ಕಟ್ಟುತ್ತವೆ. ನಿದ್ದೆಯಾಯಿತೇ ಎಂದು ಕೇಳಿದರೂ "ಪರವಾಗಿಲ್ಲ ಸಾರ್, ಅಭ್ಯಾಸ ಇದೆ" ಎಂಬ ಉತ್ತರವೇ ಬರುವುದು ಹೆಚ್ಚು. ದೇಹಕ್ಕೆ ಆ ಅಭ್ಯಾಸ ಪೂರ್ತಿಯಾಗಿ ಆಗುವುದಿಲ್ಲ. ರಾತ್ರಿ ಎರಡರಿಂದ ಬೆಳಗಿನ ಆರರವರೆಗಿನ ಹೊತ್ತು ಮನುಷ್ಯನ ಎಚ್ಚರ ಅತ್ಯಂತ ಕ್ಷೀಣವಾಗಿರುವ ಕಾಲ. ಹೆಬ್ಬಾಳದ ಮೇಲ್ಸೇತುವೆ ದಾಟಿದ ಮೇಲೆ ಸಿಗುವ ಖಾಲಿ, ನೇರ, ನುಣುಪಾದ ಹೆದ್ದಾರಿ ಆ ಕ್ಷೀಣತೆಗೆ ಜೋಗುಳ ಹಾಡುವಂತಿರುತ್ತದೆ.

ಕಾನೂನೂ ಮಿತಿಯನ್ನು ಹೇಳಿದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆಯ ದುಡಿಮೆಯನ್ನು ನಿಗದಿಪಡಿಸಿತು. ಆ್ಯಪ್ ಆಧಾರಿತ ಟ್ಯಾಕ್ಸಿಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಚಾಲಕನು ದಿನದಲ್ಲಿ 12 ಗಂಟೆಗಿಂತ ಹೆಚ್ಚು ಕಾಲ ಆ್ಯಪಿನಲ್ಲಿರಬಾರದು, ಆ ಬಳಿಕ 10 ಗಂಟೆಯ ವಿರಾಮ ಇರಬೇಕು ಎಂದಿತು. ಆದರೆ ಶಾಸನ ಎಣಿಸುವುದು ಗಂಟೆಗಳನ್ನು. ಹತ್ತು ಗಂಟೆಯ ವಿರಾಮ ಸಿಕ್ಕರೂ ಒಂದೇ ಕೋಣೆಯ ಮನೆಯಲ್ಲಿ, ಹಗಲು ಹೊತ್ತಿನಲ್ಲಿ, ಮಕ್ಕಳ ಗಲಾಟೆಯ ನಡುವೆ ಎಷ್ಟು ನಿದ್ದೆ ಬಂದೀತೆಂಬುದು ಅದರ ಎಣಿಕೆಗೆ ಸಿಕ್ಕುವುದಿಲ್ಲ. ಶ್ರಾವಕಾಚಾರದ ಅಳತೆಗೋಲು ಇದಕ್ಕಿಂತ ಕಠಿಣವಾದುದು, ಹಾಗೆಯೇ ಹೆಚ್ಚು ಮಾನವೀಯವಾದುದು.

ಚಾಲಕನು ತಾನಾಗಿ ಒಪ್ಪಿ ಬಂದಿರುವಾಗ ಪ್ರಯಾಣಿಕನಿಗೆ ಇದರಲ್ಲಿ ಯಾವ ಪಾಲು ಎಂದು ಕೇಳುವವರಿದ್ದಾರೆ. ಜೈನ ಕರ್ಮಸಿದ್ಧಾಂತದಲ್ಲಿ ಈ ಪ್ರಶ್ನೆಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಕರ್ಮವು ಒಳಹರಿದು ಬರುವ ಬಗೆಯನ್ನು ತತ್ತ್ವಾರ್ಥಸೂತ್ರ ಹೀಗೆ ಬಿಡಿಸುತ್ತದೆ: ಸಂಕಲ್ಪಿಸುವ ಸಂರಂಭ, ಸಾಧನಗಳನ್ನು ಹೊಂದಿಸುವ ಸಮಾರಂಭ, ಕೈಹಾಕುವ ಆರಂಭ ಎಂದು ಮೂರು; ಮನಸ್ಸು, ಮಾತು, ಕಾಯ ಎಂದು ಮೂರು; ತಾನೇ ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು ಎಂದು ಮೂರು; ಕ್ರೋಧ, ಮಾನ, ಮಾಯೆ, ಲೋಭ ಎಂಬ ಕಷಾಯಗಳು ನಾಲ್ಕು. ಇವನ್ನು ಒಂದಕ್ಕೊಂದು ಗುಣಿಸಿದರೆ 108. ಜಪಮಾಲೆಯ ಮಣಿಗಳಿಗೆ ಹೇಳುವ ಅರ್ಥಗಳಲ್ಲಿ ಇದೂ ಒಂದು. ಈ ಲೆಕ್ಕದಲ್ಲಿ ನಸುಕಿನ ಪಯಣವು ಕಾರಿನ ಬಾಗಿಲು ತೆರೆದಾಗ ಆರಂಭವಾದುದಲ್ಲ. ಎರಡು ತಿಂಗಳ ಹಿಂದೆ ಟಿಕೆಟ್ಟನ್ನು ಆರಿಸಿದ ಬೆರಳಿನಲ್ಲಿ ಸಂರಂಭವಿತ್ತು. ಹಿಂದಿನ ಸಂಜೆ ಟ್ಯಾಕ್ಸಿಯನ್ನು ಗೊತ್ತುಮಾಡಿದಾಗ ಸಮಾರಂಭವಾಯಿತು. ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕುಳಿತವನೂ 'ಮಾಡಿಸಿದ್ದು' ಎಂಬ ಮಣಿಯಿಂದ ಹೊರಗಿಲ್ಲ.

ಮಾತಿನ ಪಾಲಂತೂ ಇನ್ನೂ ಸ್ಪಷ್ಟ. ಟ್ಯಾಕ್ಸಿ ಸಮಯಕ್ಕೆ ಬಂದು ನಿಂತಿದೆ. ಮನೆಯವರು ಅನಿಲದ ಕೊಳವೆ ಮುಚ್ಚಿದೆಯೇ ಎಂದು ನೋಡಿ, ಮರೆತ ಔಷಧವನ್ನು ಹುಡುಕಿ, ಪೂಜಾದ್ರವ್ಯದ ಡಬ್ಬಿಗೆ ಪೆಟ್ಟಿಗೆಯಲ್ಲಿ ಜಾಗ ಮಾಡಿ ಹೊರಬರುವಾಗ ಇಪ್ಪತ್ತು ನಿಮಿಷ ಕಳೆದಿರುತ್ತದೆ. ಬೀದಿಯ ತಿರುವು ದಾಟುವ ಮೊದಲೇ "ಸ್ವಲ್ಪ ಬೇಗ ಹೋಗಣ್ಣಾ, ಫ್ಲೈಟ್ ಇದೆ" ಎಂಬ ಮಾತು ಬರುತ್ತದೆ. ಮನೆಯೊಳಗೆ ಕಳೆದ ಇಪ್ಪತ್ತು ನಿಮಿಷವನ್ನು ಚಾಲಕನ ಬಲಗಾಲಿನಿಂದ ವಸೂಲು ಮಾಡುವ ಮಾತದು. ಹಿತವಾದುದನ್ನು, ಮಿತವಾಗಿ, ಯಾರಿಗೂ ಕೇಡಾಗದಂತೆ ನುಡಿಯುವ ಭಾಷಾಸಮಿತಿ ಮುನಿಗಳ ನಿಯಮ ನಿಜ. ಆದರೆ ನಡುರಾತ್ರಿಯ ಹೆದ್ದಾರಿಯಲ್ಲಿ ಅದರ ಒಂದಂಶವಾದರೂ ಗೃಹಸ್ಥನಿಗೆ ಅನ್ವಯಿಸುತ್ತದೆ.

ಇನ್ನೊಂದು ಸಂಗತಿ ಹೆಚ್ಚಿನವರ ಗಮನಕ್ಕೇ ಬಾರದು. ಸೂರ್ಯೋದಯದವರೆಗೆ ನೀರನ್ನೂ ಮುಟ್ಟದ ಕುಟುಂಬಕ್ಕೆ ದಾರಿಯಲ್ಲಿ ಚಹಾಕ್ಕಾಗಿ ನಿಲ್ಲಿಸಬೇಕೆಂದು ತೋಚುವುದೇ ಇಲ್ಲ. ತಮಗೆ ಬೇಡವಾದುದು ಎಲ್ಲರಿಗೂ ಬೇಡವೆಂದು ಅವರು ಎಣಿಸುವುದಿಲ್ಲ, ಸುಮ್ಮನೆ ನೆನಪಾಗುವುದಿಲ್ಲ. ಅನ್ನಪಾನವನ್ನು ತಡೆಯುವುದು ಅಹಿಂಸಾಣುವ್ರತದ ಅತಿಚಾರವೆಂದು ಓದಿದವರೂ ಅದು ತಮ್ಮ ಸಂಯಮದ ನೆರಳಿನಲ್ಲಿಯೇ ಹೀಗೆ ಅಡಗಿ ಕುಳಿತಿರಬಹುದೆಂದು ಊಹಿಸಿರುವುದಿಲ್ಲ.

ದಿಗಂಬರ ಮುನಿಗಳೂ ಶ್ವೇತಾಂಬರ ಸಾಧು-ಸಾಧ್ವಿಯರೂ ಬರಿಗಾಲಿನಲ್ಲಿ ನಡೆದೇ ವಿಹಾರ ಮಾಡುತ್ತಾರೆ. ಬೆಳಕು ಹರಿದ ಮೇಲೆ, ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ, ಜನ ನಡೆದು ಸವೆದ ಹಾದಿಯಲ್ಲಿ ಅಡಿಯಿಡಬೇಕೆಂಬುದು ಈರ್ಯಾಸಮಿತಿ. ಮುಂಜಾವಿನಲ್ಲಿ ಹೆದ್ದಾರಿಯ ಅಂಚಿನಲ್ಲಿ ಹೀಗೆ ನಡೆಯುತ್ತಿದ್ದ ಸಾಧು-ಸಾಧ್ವಿಯರು ವಾಹನಕ್ಕೆ ಸಿಕ್ಕಿ ಪ್ರಾಣ ತೊರೆದ ಸುದ್ದಿ ಈ ದೇಶದಲ್ಲಿ ಮತ್ತೆ ಮತ್ತೆ ಬಂದಿದೆ. ಸಮಾಜ ಪ್ರತಿ ಸಲವೂ ರಕ್ಷಣೆ ಕೊಡಿರೆಂದು ಸರ್ಕಾರಕ್ಕೆ ಮನವಿ ಸಲ್ಲಿಸುತ್ತದೆ. ಆ ಮನವಿ ನ್ಯಾಯವಾದುದೇ. ಆದರೆ ನಿದ್ದೆಗೆಟ್ಟ ಚಾಲಕ ಮತ್ತು ಅವನನ್ನು ಅವಸರಪಡಿಸುವ ಪ್ರಯಾಣಿಕ ಎಂಬ ಜೋಡಿ ಕೆಲವೊಮ್ಮೆ ಮನವಿಗೆ ಸಹಿ ಹಾಕಿದವರ ಕಾರಿನಲ್ಲಿಯೇ ಇರುತ್ತದೆ.

ಹಾಗಾದರೆ ಟ್ಯಾಕ್ಸಿಯನ್ನೇ ಕರೆಯಬಾರದೆ? ಕರೆಯದಿದ್ದರೆ ಅವನ ದುಡಿಮೆಗೇ ಕಲ್ಲು ಬೀಳುವುದಿಲ್ಲವೆ? ಈ ಆಕ್ಷೇಪಣೆಯಲ್ಲಿ ಹುರುಳಿದೆ. ಶತಮಾನಗಳ ಕಾಲ ಗಾಡಿ ಹೂಡಿ ವ್ಯಾಪಾರ ಮಾಡಿದ ಸಮುದಾಯಕ್ಕೆ ಆಚಾರ್ಯರು ಗಾಡಿಯನ್ನು ನಿಷೇಧಿಸಲಿಲ್ಲ. ನಿಷೇಧಿಸಿದ್ದು 'ಅತಿ'ಯನ್ನು. ಶಿಖರ್ಜಿಯಲ್ಲಿ 27 ಕಿಲೋಮೀಟರಿನ ವಂದನೆಯನ್ನು ನಡೆಯಲಾರದವರನ್ನು ಡೋಲಿಯವರು ಹೊತ್ತೊಯ್ಯುತ್ತಾರೆ. ಅಲ್ಲಿ ಯಾತ್ರಿಕರ ತೂಕವನ್ನು ನೋಡಿ ದರ ಹೇಳುವ ರೂಢಿಯುಂಟು. ಅಷ್ಟರಮಟ್ಟಿಗೆ ಬೆಟ್ಟದ ದಾರಿಯಲ್ಲಿ ಹೊರುವವನ ಹೆಗಲು ಲೆಕ್ಕಕ್ಕೆ ಬಂದಿದೆ. ದೇವನಹಳ್ಳಿಯ ದಾರಿಯಲ್ಲಿ ನಿದ್ದೆಯನ್ನು ತೂಗುವ ತಕ್ಕಡಿಯನ್ನು ಇನ್ನೂ ಯಾರೂ ಇಟ್ಟಿಲ್ಲ.

ಆದರೂ ಗೃಹಸ್ಥನ ಕೈಯಲ್ಲಿ ಮಾಡಬಹುದಾದುದು ಸಾಕಷ್ಟಿದೆ. ಯಾತ್ರೆಗೆ ಒಂದು ದಿನ ಕೂಡಿಸಿದರೆ ಹತ್ತು ಗಂಟೆಯ ವಿಮಾನವೂ ಸಾಕಾಗುತ್ತದೆ. ಮೊದಲ ರಾತ್ರಿಯನ್ನು ರಾಂಚಿಯಲ್ಲಿಯೇ ಕಳೆದರೆ ರಾತ್ರಿಭೋಜನತ್ಯಾಗಕ್ಕೂ ಭಂಗವಿಲ್ಲ. ಹೊತ್ತಿಗೆ ಸರಿಹೊಂದಿದರೆ ವಾಯುವಜ್ರ ಬಸ್ಸೂ ಇದೆ. ನಸುಕಿನ ಪಯಣ ಅನಿವಾರ್ಯವೇ ಆದಾಗ, ಪರಿಚಯದ ಚಾಲಕನಿಗೆ ಎರಡು ದಿನ ಮೊದಲೇ ತಿಳಿಸಿ, ಹಿಂದಿನ ಸಂಜೆ ಬೇರೆ ಬಾಡಿಗೆ ಹಿಡಿಯದೆ ಮಲಗಲು ಆಗುವಂತೆ ಆ ಸಂಜೆಯ ಗಳಿಕೆಯನ್ನೂ ಸೇರಿಸಿ ಕೊಡುವವರು ಅಲ್ಲಲ್ಲಿ ಇದ್ದಾರೆ. ಐದು ಜನ ಮತ್ತು ಏಳು ಪೆಟ್ಟಿಗೆಗಳನ್ನು ಒಂದೇ ಕಾರಿಗೆ ತುರುಕದೆ ದೊಡ್ಡ ಗಾಡಿ ಹೇಳುವವರೂ ಇದ್ದಾರೆ. ಕೆಲವು ನೂರು ರೂಪಾಯಿಗಳ ಈ ವ್ಯತ್ಯಾಸವನ್ನು ಕ್ಷೇತ್ರದಲ್ಲಿ ಹುಂಡಿಗೆ ಹಾಕುವ ಹಣದಿಂದಲೇ ತೆಗೆದರೂ ತಪ್ಪಾಗದು.

ನಾಲ್ಕು ಗಂಟೆಗೆ ಕುಟುಂಬ ಇಳಿದುಹೋಗುತ್ತದೆ. ಚಾಲಕನ ರಾತ್ರಿ ಅಲ್ಲಿಗೆ ಮುಗಿಯುವುದಿಲ್ಲ. ಖಾಲಿ ಕಾರಿನಲ್ಲಿ ಅಷ್ಟು ದೂರ ಮರಳಿದರೆ ಇಂಧನದ ಖರ್ಚೂ ಹುಟ್ಟದೆಂದು ಅವನು ನಿಲ್ದಾಣದ ಟ್ಯಾಕ್ಸಿಗಳ ಸರದಿಯಲ್ಲಿ ಕಾರು ನಿಲ್ಲಿಸಿ, ಸೀಟನ್ನು ಹಿಂದಕ್ಕೆ ಬಾಗಿಸಿ, ಫೋನನ್ನು ಎದೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚುತ್ತಾನೆ. ಇನ್ನಾವುದೋ ಊರಿನಿಂದ ಬಂದಿಳಿದ ಯಾತ್ರಿಕರು ಶ್ರವಣಬೆಳಗೊಳಕ್ಕೆ ಹೋಗಲು ಗಾಡಿ ಹುಡುಕುತ್ತಿರುವ ಹೊತ್ತು ಅದು.