ಕುಡಿಯದ ಕವಿಯ ಕುಡುಕ ರತ್ನ

ಯಲಹಂಕದ ಕಡೆಯಿಂದ ಬರುವ ಬಸ್ಸು ಕೆರೆಯನ್ನು ಸಮೀಪಿಸುತ್ತಿದ್ದಂತೆಯೇ ನಿರ್ವಾಹಕನು “ಎಬ್ಬಾಳ! ಯಾರ್ರೀ ಎಬ್ಬಾಳ?” ಎಂದು ಕೂಗುತ್ತಾನೆ. ತಾಯಿಯ ಮಗ್ಗುಲಲ್ಲಿ ಕುಳಿತ ಮಗುವು ಆ ಕೂಗನ್ನು ಅದೇ ರಾಗದಲ್ಲಿ ಅನುಕರಿಸುತ್ತದೆ. ತಾಯಿಯ ಹುಬ್ಬು ಗಂಟಿಕ್ಕುತ್ತದೆ. “ಹಾಗನ್ನಬಾರದು ಪುಟ್ಟಾ. ಹೆಬ್ಬಾಳ ಅನ್ನು” ಎಂದು ಆಕೆ ತಿದ್ದುತ್ತಾಳೆ. ಆದರೆ ನವೆಂಬರ್ ತಿಂಗಳಿನಲ್ಲಿ ಬಡಾವಣೆಯ ರಾಜ್ಯೋತ್ಸವದ ಚಪ್ಪರದಡಿ ಗಾಯಕನು ಕಣ್ಣನ್ನು ಅರೆಮುಚ್ಚಿ, ನಾಲಿಗೆ ಹೊರಳಿಸಿ, ‘ಯೆಂಡ’ದ ಮಹಿಮೆಯನ್ನು ಹಾಡತೊಡಗಿದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟುವವಳೂ ಅದೇ ತಾಯಿಯೇ. ಅಲ್ಲಿ ಲೋಪವಾದದ್ದೂ ಅದೇ ಹಕಾರವೇ!

ಈ ವಿಚಿತ್ರಕ್ಕೆ ಕಾರಣನಾದವನು ಯೆಂಡ್ಕುಡ್ಕ ರತ್ನ. ಅವನನ್ನು ಸೃಷ್ಟಿಸಿದವರು ಜಿ. ಪಿ. ರಾಜರತ್ನಂ. ಹೆಂಡದ ವಿಷಯವಾಗಿ ಕನ್ನಡದಲ್ಲಿ ಅತ್ಯಂತ ಪ್ರಸಿದ್ಧವಾದ ಪದಗಳನ್ನು ಬರೆದ ಈ ಮಹನೀಯರು ಹೆಂಡವನ್ನು ಮುಟ್ಟಿದವರಲ್ಲ. ಅವರು ಕನ್ನಡ ಎಂ.ಎ. ಪದವೀಧರರು, ಅಧ್ಯಾಪಕರು, ಬೌದ್ಧ ಜೈನ ವಾಙ್ಮಯಗಳಲ್ಲಿ ಪರಿಶ್ರಮವುಳ್ಳವರು, ಮಕ್ಕಳಿಗಾಗಿ ತುತ್ತೂರಿಯ ಪದ್ಯವನ್ನೂ ನಾಯಿಮರಿಯ ಪದ್ಯವನ್ನೂ ಬರೆದುಕೊಟ್ಟವರು. ಬೆಳಗ್ಗೆ ಮಗು ಶಾಲೆಯಲ್ಲಿ ಹೇಳುವ ಪದ್ಯವೂ ಸಂಜೆ ತಂದೆ ಗುನುಗುವ ಕುಡುಕನ ಪದವೂ ಒಂದೇ ಲೇಖನಿಯಿಂದ ಬಂದವು ಎಂಬುದು ಎಷ್ಟೋ ಮನೆಗಳಲ್ಲಿ ಇಂದಿಗೂ ಬೆರಗಿನ ಸಂಗತಿ.

ರತ್ನನ ಪದಗಳು ಹೊರಬಂದದ್ದು ೧೯೩೦ರ ದಶಕದಲ್ಲಿ. ಅದಕ್ಕೆ ಮುನ್ನವೇ ಕೈಲಾಸಂ ಅವರು ಓದಿದವರ ಮನೆಯ ಇಂಗ್ಲಿಷ್ ಬೆರೆತ ಮಾತನ್ನು ರಂಗಭೂಮಿಗೆ ತಂದಿದ್ದರು. ರಾಜರತ್ನಂ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೆಂಡದಂಗಡಿಯ ಬಾಗಿಲಲ್ಲಿ ಕಿವಿಗೊಟ್ಟು ನಿಂತರು. ಹಕಾರವಿಲ್ಲದ, ಮಹಾಪ್ರಾಣವಿಲ್ಲದ, ಕೊನೆಯ ಸ್ವರವನ್ನು ನುಂಗಿಬಿಡುವ ಆ ಕನ್ನಡಕ್ಕೆ ಕಟ್ಟುನಿಟ್ಟಾದ ಛಂದಸ್ಸನ್ನು ತೊಡಿಸಿದರು.

ಪುಸ್ತಕದಲ್ಲಿದ್ದ ರತ್ನನನ್ನು ಓದು ಬಾರದವರ ಬಳಿಗೂ ಕೊಂಡೊಯ್ದವರು ಗಾಯಕರು. ಮೊದಲಿಗೆ ಪಿ. ಕಾಳಿಂಗರಾಯರು. ಮೋಹನಕುಮಾರಿ, ಸೋಹನಕುಮಾರಿಯರನ್ನು ಜೊತೆಗೂಡಿಸಿಕೊಂಡು ಅವರು ಊರೂರು ಸುತ್ತಿ, ಕವಿಗಳ ಗೀತೆಗಳನ್ನು ಸಂತೆಯ ಜನವೂ ಗುರುತಿಸುವಂತೆ ಮಾಡಿದರು. ಬಳಿಕ ಮೈಸೂರು ಅನಂತಸ್ವಾಮಿಯವರ ಕಂಠದಲ್ಲಿ ರತ್ನನು ಮನೆಮಾತಾದನು. ೧೯೭೮ರಲ್ಲಿ ನಿಸಾರ್ ಅಹಮದರ ಗೀತೆಗಳಿಗೆ ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ ಹೊರಬಂದು ಭಾವಗೀತೆಗೆ ಹೊಸ ಹಾದಿ ತೆರೆಯಿತು. ಅದೇ ವರ್ಷ ದೆಹಲಿಯಲ್ಲಿ ಕೂಡಿದ ಸಾಹಿತ್ಯ ಸಮ್ಮೇಳನಕ್ಕೆ ರಾಜರತ್ನಂ ಅಧ್ಯಕ್ಷರಾಗಿದ್ದರು. ಮರುವರ್ಷ ಅವರು ತೀರಿಕೊಂಡರು. ೧೯೯೫ರಲ್ಲಿ ಅನಂತಸ್ವಾಮಿಯವರೂ ಇಲ್ಲವಾದ ಮೇಲೆ ಮಗ ರಾಜು ಅನಂತಸ್ವಾಮಿ ರತ್ನನ ಪದಗಳನ್ನು ತಂದೆಯ ಆಸ್ತಿಯೆಂಬಂತೆ ಹಾಡಿಕೊಂಡು ಬಂದರು. ೨೦೦೯ರ ಜನವರಿಯಲ್ಲಿ, ನಲವತ್ತು ತುಂಬುವ ಮೊದಲೇ, ಆ ಕಂಠವೂ ನಿಂತಿತು. ಹಾಡುವವರು ಒಬ್ಬೊಬ್ಬರಾಗಿ ಹೋದರು. ರತ್ನ ಮಾತ್ರ ಉಳಿದ.

ಈ ಪದಗಳನ್ನು ಹಾಡುವುದು ಸುಲಭವಲ್ಲ. ಗಾಯಕನ ಮಾತು ತೂರಾಡಬಹುದು, ತಾಳ ತೂರಾಡುವಂತಿಲ್ಲ. ಅಮಲು ಕಾಣಬೇಕು, ಅಕ್ಷರವೂ ಕೇಳಬೇಕು. ಬರಿಯ ತೊದಲನ್ನೇ ನಂಬಿದವನು ಜನರನ್ನು ನಗಿಸಿ ಮನೆಗೆ ಹೋಗುತ್ತಾನೆ. ರತ್ನನನ್ನು ಅರಿತವನು ನಗೆಯ ನಡುವೆ ಸಭೆಯನ್ನು ಮೌನವಾಗಿಸುತ್ತಾನೆ.

ಏಕೆಂದರೆ ರತ್ನನು ಹಾಡುವುದು ಹೆಂಡವನ್ನೊಂದೇ ಅಲ್ಲ. ಮಡಿಕೇರಿಯ ಮಂಜನ್ನು ಕಂಡು ಮೈಮರೆಯುವವನೂ ಅವನೇ. ದೇವರು ಹೆಂಡ ಬಿಡೆಂದರೆ ಬಿಟ್ಟೇನು, ಹೆಂಡತಿಯನ್ನು ಬಿಡೆಂದರೂ ಬಿಟ್ಟೇನು, ಕನ್ನಡವನ್ನು ಮಾತ್ರ ಬಿಡಲಾರೆ, ಬಾಯಿ ಹೊಲಿದರೂ ಮೂಗಿನಿಂದ ಹಾಡುವೆನೆಂದು ಹಟ ಹಿಡಿಯುವವನೂ ಅವನೇ. ಹೆಂಡತಿಯ ಮಾತಿಗೆ ಸಭೆ ನಗುತ್ತದೆ. ಆದರೆ ಕುಡುಕನ ಮನೆಯ ಹೆಣ್ಣಿಗೆ ಅದು ನಗೆಯಲ್ಲ. ೨೦೦೭ರ ಜುಲೈ ೧ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದಾಗ ನಿಟ್ಟುಸಿರು ಬಿಟ್ಟ ಹೆಂಗಸರು ಎಷ್ಟೋ ಮಂದಿ. ರತ್ನನನ್ನು ಮೆಚ್ಚುವವರು ಇದನ್ನು ಮರೆಯಬೇಕಾಗಿಲ್ಲ. ಮೆಚ್ಚಬೇಕಾದದ್ದು ಅವನ ಬುಂಡೆಯನ್ನಲ್ಲ, ನುಡಿಯನ್ನು. ವಿದ್ವಾಂಸರು ಕನ್ನಡಾಭಿಮಾನವನ್ನು ಕುರಿತು ಎಷ್ಟೋ ಬರೆದಿದ್ದಾರೆ. ಆದರೂ ಆ ಅಭಿಮಾನವನ್ನು ಜನರ ಬಾಯಲ್ಲಿ ನಿಲ್ಲಿಸಿದವನು ಸಭ್ಯರು ಪಕ್ಕದಲ್ಲಿ ಕೂರಿಸಿಕೊಳ್ಳದ ಒಬ್ಬ ಕುಡುಕ.

ಇನ್ನು ಆ ಹಕಾರದ ಮಾತು. ೨೦೧೮ರಲ್ಲಿ ಹೆಬ್ಬಾಳದಲ್ಲಿ ನೆಲವನ್ನು ಅಗೆಯುವಾಗ ಒಂದು ವೀರಗಲ್ಲು ದೊರೆಯಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. ೭೫೦ರದು. ಕಾದಾಡಿ ಮಡಿದ ಕಿತ್ತಯನೆಂಬವನ ನೆನಪಿಗೆ ನಿಲ್ಲಿಸಿದ ಆ ಕಲ್ಲು, ಬೆಂಗಳೂರಿನಲ್ಲಿ ದೊರೆತ ಅತ್ಯಂತ ಹಳೆಯ ಕನ್ನಡ ಶಾಸನಗಳ ಸಾಲಿಗೆ ಸೇರಿದೆ. ಅದರಲ್ಲಿ ಈ ಸೀಮೆಯ ಹೆಸರು ‘ಪೆ’ ಎಂದೇ ಆರಂಭವಾಗುತ್ತದೆ, ಪೆರ್ಬೊಳಲ್ ನಾಡು ಎಂದು. ಹಳಗನ್ನಡದ ಪಾಲು ಹಾಲಾದಂತೆ, ಪೂ ಹೂವಾದಂತೆ, ಊರಿನ ಹೆಸರಿನ ಪಕಾರವೂ ಕಾಲಕ್ರಮದಲ್ಲಿ ಹಕಾರವಾಯಿತು. ಕಿತ್ತಯನು ಇಂದು ಎದ್ದು ಬಂದರೆ ‘ಹೆಬ್ಬಾಳ’ ಎಂಬ ಶುದ್ಧ ಉಚ್ಚಾರಣೆಯೂ ಅವನ ಕಿವಿಗೆ ಗ್ರಾಮ್ಯವಾಗಿಯೇ ಕೇಳೀತು! ‘ಹೆ’ಯನ್ನು ‘ಎ’ ಮಾಡಿದ ನಿರ್ವಾಹಕನು ಭಾಷೆಯನ್ನು ಕೆಡಿಸಿದವನಲ್ಲ. ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟವನು.

ಮಗುವಿಗೆ ಶಾಲೆಯ ಕನ್ನಡ ಬೇಕು, ಅದನ್ನು ಕಲಿಸುವುದು ತಾಯಿಯ ಕರ್ತವ್ಯ. ಆದರೆ ತಿದ್ದುವಾಗ ಹುಬ್ಬು ಗಂಟಿಕ್ಕಬೇಕಾಗಿಲ್ಲ. ವೇದಿಕೆಯ ಮೇಲೆ ಚಪ್ಪಾಳೆಗೆ ಪಾತ್ರವಾದ ಕನ್ನಡವು ಬಸ್ಸಿನೊಳಗೆ ತಿರಸ್ಕಾರಕ್ಕೆ ಪಾತ್ರವಾದರೆ, ರಾಜರತ್ನಂ ಅವರು ಹೆಂಡದಂಗಡಿಯ ಬಾಗಿಲಲ್ಲಿ ನಿಂತದ್ದೇ ವ್ಯರ್ಥ. “ನಮ್ಮ ಮನೆಯಲ್ಲಿ ಹೆಬ್ಬಾಳ ಅಂತೀವಿ, ಅವರ ಮನೆಯಲ್ಲಿ ಎಬ್ಬಾಳ ಅಂತಾರೆ. ಎರಡೂ ಒಂದೇ ಊರು” ಎಂದರೆ ಸಾಕು. ಮಗುವಿಗೆ ಅರ್ಥವಾಗುತ್ತದೆ.