ಎಣ್ಣೆ ಬಾವಿ ಇಲ್ಲದ ಜಿಲ್ಲೆಯವರ ಲೆಕ್ಕ

ಪೆಟ್ರೋಲ್ ರೇಟು ಏರಿದಾಗಲೆಲ್ಲ ಕ್ಯಾಂಟೀನಿನಲ್ಲಿ ಒಂದೇ ಮಾತು ಕೇಳಿಸುತ್ತೆ: "ನಮ್ಮ ದೇಶದಲ್ಲೇ ಇನ್ನಷ್ಟು ಬಾವಿ ಕೊರೀಬೇಕು ಕಣ್ರೋ, ಆಗ ಯಾರ ಮುಂದೇನೂ ಕೈ ಚಾಚೋ ಹಾಗಿಲ್ಲ." ಕೇಳೋಕೆ ಚೆನ್ನಾಗಿದೆ. ಆದ್ರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಿಂದ ದಿನಾ ಓಡಾಡುವವರು ನಮ್ಮ ನಡುವೆ ಎಷ್ಟೊಂದು ಜನ ಇದ್ದಾರೆ. ಇಂಜಿನಿಯರಿಂಗ್ ಓದೋರು ಮಾತು ನಂಬೋಕೆ ಮುಂಚೆ ಲೆಕ್ಕ ಹಾಕಬೇಕಲ್ವಾ?

ಮೊದಲು ದೇಶದ ಲೆಕ್ಕ. 2011-12ರಲ್ಲಿ ಭಾರತ ಸುಮಾರು 3.8 ಕೋಟಿ ಟನ್ ಕಚ್ಚಾ ತೈಲ ತೆಗೆದಿತ್ತು. 2023-24ರಲ್ಲಿ ಅದು 3 ಕೋಟಿ ಟನ್ನಿಗಿಂತ ಕೆಳಗೆ ಇಳಿದಿದೆ. 1974ರಲ್ಲಿ ಪತ್ತೆಯಾದ ಮುಂಬೈ ಹೈನಂಥ ದೊಡ್ಡ ನಿಕ್ಷೇಪಗಳಿಗೆ ವಯಸ್ಸಾಗಿದೆ. 2024ರ ಜನವರಿಯಲ್ಲಿ ಕೃಷ್ಣಾ-ಗೋದಾವರಿ ಆಳ ಸಮುದ್ರದ ಹೊಸ ಬಾವಿಯಿಂದ ಓಎನ್‌ಜಿಸಿ ಎಣ್ಣೆ ತೆಗೆಯೋಕೆ ಶುರು ಮಾಡಿತು, ಸಂತೋಷದ ವಿಷಯವೇ. ಆದ್ರೆ ಬಳಕೆ ವರ್ಷಕ್ಕೆ 23 ಕೋಟಿ ಟನ್ ದಾಟಿದೆ. ನಮಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಹಡಗಿನಲ್ಲೇ ಬರುತ್ತೆ. ಒಂದೆರಡು ಹೊಸ ಬಾವಿ ಈ ಅಂತರವನ್ನ ತುಂಬೋಕಾಗಲ್ಲ.

ಸರಿ, ಉತ್ಪಾದನೆ ನಿಜವಾಗಲೂ ಹೆಚ್ಚಾದ ದೇಶದ ಕಥೆ ಏನು? ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ಕಚ್ಚಾ ತೈಲ ತೆಗೆಯೋದು ಅಮೆರಿಕ. ಆದರೂ 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಅಲ್ಲಿನ ಜನ ಗ್ಯಾಲನ್ನಿಗೆ 5 ಡಾಲರ್ ಕೊಟ್ಟು ಪೆಟ್ರೋಲ್ ಹಾಕಿಸಿಕೊಂಡರು. ಬಾವಿ ನಮ್ಮದಾದರೂ ಬೆಲೆ ಕಟ್ಟೋದು ಜಗತ್ತಿನ ಮಾರುಕಟ್ಟೆ.

ಈಗ ನಮ್ಮ ಜಿಲ್ಲೆಗೆ ಬರೋಣ. ಕಾಗದದಲ್ಲಿ ಹೆಸರು 'ಬೆಂಗಳೂರು ದಕ್ಷಿಣ' ಆಗಿದೆ, ಬೆಟ್ಟ ಮಾತ್ರ ಹಳೇವೇ. 'ಶೋಲೆ' ತೆಗೆದ ಈ ಬಂಡೆಗಳನ್ನ ಭೂವಿಜ್ಞಾನದಲ್ಲಿ ಕ್ಲೋಸ್‌ಪೇಟ್ ಗ್ರಾನೈಟ್ ಅಂತಾರೆ. ಕ್ಲೋಸ್‌ಪೇಟೆ ಅನ್ನೋದು ರಾಮನಗರದ ಹಳೇ ಹೆಸರು. ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು. ಎಣ್ಣೆ ಸಿಗೋದು ಹೂಳು ಪದರ ಪದರವಾಗಿ ಕೂತ ಜಲಜ ಶಿಲೆಯಲ್ಲಿ, ಈ ಗ್ರಾನೈಟಿನಲ್ಲಲ್ಲ. ಇಡೀ ಕರ್ನಾಟಕದಲ್ಲೇ ಒಂದು ಎಣ್ಣೆ ಬಾವಿ ಇಲ್ಲ. ನಮ್ಮ ಗಟ್ಟಿ ಕಲ್ಲಿನಿಂದ ಆಗಿರೋ ಉಪಕಾರ ಬೇರೆ: ಮಂಗಳೂರಿನಲ್ಲಿ, ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆ ಕೊರೆದು ಮಾಡಿದ ಗುಹೆಗಳಲ್ಲಿ ಒಟ್ಟು 40 ಲಕ್ಷ ಟನ್ ಕಚ್ಚಾ ತೈಲ ಕೂಡಿಡಬಹುದು. ಅದು ಆಪತ್ಕಾಲಕ್ಕೆ ಕೂಡಿಟ್ಟದ್ದು, ನಾವು ಬೆಳೆದದ್ದಲ್ಲ. ಬಿಡದಿವರೆಗೆ ಬಂದಿರುವ ಗೇಲ್ ಪೈಪ್‌ಲೈನ್ ಕೂಡ ಶುರುವಾಗೋದು ಹೊರದೇಶದ ದ್ರವ ಅನಿಲದ ಹಡಗುಗಳು ಬಂದು ನಿಲ್ಲುವ ಮಹಾರಾಷ್ಟ್ರದ ದಾಭೋಲ್‌ನಿಂದ.

ಹಾಗಾದ್ರೆ ನಮ್ಮ ಕೈಯಲ್ಲಿ ಏನಿದೆ? ನಮ್ಮ ಪ್ರಕಾರ, ಉರಿಸದೆ ಉಳಿಸಿದ ಲೀಟರೇ ನಮ್ಮ ಜಿಲ್ಲೆಯ ಎಣ್ಣೆ ಉತ್ಪಾದನೆ. ಅದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಬೆಂಗಳೂರು-ಮೈಸೂರು ರೈಲು ಮಾರ್ಗದ ವಿದ್ಯುದೀಕರಣ ಮುಗಿದು 2018ರ ಫೆಬ್ರವರಿಯಲ್ಲಿ ಲೋಕಾರ್ಪಣೆ ಆಯ್ತು. ಅಲ್ಲಿವರೆಗೆ ಡೀಸೆಲ್ ಕುಡೀತಿದ್ದ ದಾರಿಯಲ್ಲಿ ಈಗ ರಾಮನಗರ, ಚನ್ನಪಟ್ಟಣದವರು ಕರೆಂಟಿನ ರೈಲಿನಲ್ಲಿ ಓಡಾಡ್ತಾರೆ. ಆ ಕರೆಂಟಿನ ಹಿಂದೆ ಶರಾವತಿ ನೀರಿದೆ, ಪಾವಗಡದ ಬಿಸಿಲಿದೆ, ರಾಯಚೂರಿನಲ್ಲಿ ಉರಿಯುವ ಕಲ್ಲಿದ್ದಲೂ ಇದೆ. ಕಲ್ಲಿದ್ದಲು ಒಳ್ಳೇದು ಅಂತ ನಾವು ಹೇಳ್ತಿಲ್ಲ. ಆದ್ರೆ ಹೊರ್ಮುಜ್ ಜಲಸಂಧಿಯಲ್ಲಿ ಹಡಗು ನಿಂತರೆ ಈ ರೈಲು ನಿಲ್ಲಲ್ಲ.

ಕನಕಪುರ, ಮಾಗಡಿಯವರಿಗೆ ಈ ಭಾಗ್ಯ ಇಲ್ಲ. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೂಲಕ ಚಾಮರಾಜನಗರಕ್ಕೆ ಹೋಗಬೇಕಾದ ಮಾರ್ಗ 1990ರ ದಶಕದಲ್ಲೇ ಮಂಜೂರಾಗಿದೆ. ಇನ್ನೂ ಹಳಿ ಬಿದ್ದಿಲ್ಲ. ನಮ್ಮಲ್ಲಿ ಬಹಳ ಜನ ಹುಟ್ಟೋಕೆ ಮುಂಚಿನ ಯೋಜನೆ ಅದು! ಹಾಸನದ ರೈಲು ಸೋಲೂರು ಕಡೆಯಿಂದ ಹೋಗುತ್ತೆ, ಮಾಗಡಿ ಪಟ್ಟಣಕ್ಕೆ ಬರಲ್ಲ. ನಮ್ಮ ಮೆಟ್ರೋ 2021ರಲ್ಲಿ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆವರೆಗೆ ಬಂದು ನಿಂತಿದೆ. ಆದರೆ 118 ಕಿ.ಮೀ. ಉದ್ದದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ 2023ರಲ್ಲಿ ಉದ್ಘಾಟನೆಯಾಯ್ತು. ರಸ್ತೆ ಬೇಡ ಅಂತಲ್ಲ. ರೈಲು ಇರೋ ಊರಿಗೇ ಹತ್ತು ಪಥದ ರಸ್ತೆ, ಇಲ್ಲದ ಊರಿಗೆ ಬೈಕೇ ಗತಿ ಅಂದ್ರೆ, ಆಮದು ಕಡಿಮೆ ಮಾಡ್ತೀವಿ ಅನ್ನೋ ಮಾತಿಗೆ ಏನು ಅರ್ಥ?

ಒಂದು ಸಣ್ಣ ಲೆಕ್ಕ ನೋಡಿ. ಕನಕಪುರದಿಂದ ಬೆಂಗಳೂರಿಗೆ ಹೋಗಿ ಬರೋಕೆ 110 ಕಿ.ಮೀ. ಲೀಟರಿಗೆ 50 ಕೊಡೋ ಬೈಕು ದಿನಕ್ಕೆ 2.2 ಲೀಟರ್ ಕುಡಿಯುತ್ತೆ. 40 ಜನ 40 ಬೈಕಲ್ಲಿ ಹೋದ್ರೆ 88 ಲೀಟರ್. ಅದೇ 40 ಜನ ಲೀಟರಿಗೆ ನಾಲ್ಕೂವರೆ ಕಿ.ಮೀ. ಓಡೋ ಒಂದು ಡೀಸೆಲ್ ಬಸ್ಸಿನಲ್ಲಿ ಕೂತರೆ ಸುಮಾರು 25 ಲೀಟರ್. ದಿನಕ್ಕೆ 60 ಲೀಟರಿಗೂ ಹೆಚ್ಚು ಉಳೀತು. ಬಸ್ಸು ಎಲೆಕ್ಟ್ರಿಕ್ ಆದ್ರೆ ಪೂರ್ತಿ 88. ಕನಕಪುರದ ಎಣ್ಣೆ ಬಾವಿ ಅಂದ್ರೆ ಇದೇ.

"ಬ್ಯಾಟರಿ, ಸೋಲಾರ್ ಸೆಲ್ ಚೀನಾದಿಂದ ಬರಲ್ವಾ? ಅದೂ ಅವಲಂಬನೆ ತಾನೆ?" ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದ್ರೆ ಪೆಟ್ರೋಲ್ ಇವತ್ತು ಉರಿದರೆ ನಾಳೆ ಮತ್ತೆ ಕೊಳ್ಳಬೇಕು. ಸೋಲಾರ್ ಪ್ಯಾನಲ್ ಒಮ್ಮೆ ಕೊಂಡರೆ ಇಪ್ಪತ್ತೈದು ವರ್ಷ ಕರೆಂಟು ಕೊಡುತ್ತೆ. ಪ್ಯಾನಲ್ ಮಾಡೋದು ಕಲಿಯಬಹುದು, ಗ್ರಾನೈಟಿನಲ್ಲಿ ಎಣ್ಣೆ ಹುಟ್ಟಿಸೋದು ಕಲಿಯೋಕಾಗಲ್ಲ. ಎಥನಾಲ್ ಬೆರೆಸಿದ ಪೆಟ್ರೋಲೂ ಸ್ವಲ್ಪ ಆಮದು ತಗ್ಗಿಸುತ್ತೆ, ಆದ್ರೆ ಕಬ್ಬಿಗೆ ಕಾವೇರಿ ನೀರೇ ಬೇಕು. ಅದಕ್ಕೂ ಒಂದು ಮಿತಿ ಇದೆ.

ಅದಕ್ಕೇ ಒಂದು ಕೆಲಸ ಮಾಡೋಣ. ಯಾವ ಊರಿನಿಂದ ಎಷ್ಟು ಜನ, ಎಷ್ಟು ಗಂಟೆಗೆ, ಯಾವುದರಲ್ಲಿ ಬರ್ತಾರೆ ಅಂತ ತರಗತಿವಾರು ಲೆಕ್ಕ ತೆಗೆಯೋಣ. ಆ ಪಟ್ಟಿ ಹಿಡಿದು ಕೆಎಸ್‌ಆರ್‌ಟಿಸಿಗೆ ಕನಕಪುರ, ಮಾಗಡಿ ಬಸ್ಸಿನ ಸಮಯ ಕೇಳೋಣ, ಕಾಲೇಜಿಗೆ ರೈಲು ನಿಲ್ದಾಣದಿಂದ ಬಸ್ಸು ಕೇಳೋಣ. ಓಟು ಕೇಳೋಕೆ ಬರುವವರನ್ನ ಹೆಜ್ಜಾಲ ಮಾರ್ಗ ಎಲ್ಲಿಗೆ ಬಂತು ಅಂತ ಕೇಳೋಣ. ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಹುಡುಕ್ತಿರೋರಿಗೆ ಇದಕ್ಕಿಂತ ಹತ್ತಿರದ ವಿಷಯ ಬೇಕಾ?

ಬಾವಿ ಕೊರೆಯೋರು ಕೊರೀಲಿ, ಅದು ಓಎನ್‌ಜಿಸಿ ಕೆಲಸ. ಬೈಕಿನ ಟ್ಯಾಂಕು ಮಾತ್ರ ನಮ್ಮದು.